ಹಡಗಿನ ಅಡಿಗೆ ಬಳಿದ ಬಣ್ಣ

ಕಡಲಿಗೆ ಇಳಿಸಿದ ಯಾವ ವಸ್ತುವನ್ನೂ ಕಡಲಿನ ಜೀವಿಗಳು ಖಾಲಿ ಬಿಡುವುದಿಲ್ಲ. ಒಂದು ಮರದ ಹಲಗೆಯನ್ನು ನೀರಿನಲ್ಲಿ ಬಿಟ್ಟು ನೋಡಿ. ಕೆಲವೇ ದಿನಗಳಲ್ಲಿ ಲೋಳೆ ಕಟ್ಟುತ್ತದೆ, ಲೋಳೆಯ ಮೇಲೆ ಪಾಚಿ ಹತ್ತುತ್ತದೆ, ಪಾಚಿಯ ಸಂದಿಯಲ್ಲಿ ಬಿಳಿ ಚಿಪ್ಪಿನ ಬಾರ್ನಕಲ್‌ಗಳು ಬಂದು ಮನೆ ಮಾಡುತ್ತವೆ. ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ಬೋಟಿನವರನ್ನು ಮಾತಾಡಿಸಿದರೆ ಮೀನಿನ ದರ, ಡೀಸೆಲ್ ದರ ಮುಗಿದ ಮೇಲೆ ಮಾತು ಬರುವುದು ಇದಕ್ಕೇ. ಜೂನ್-ಜುಲೈಯ ಮೀನುಗಾರಿಕೆ ರಜೆಯಲ್ಲಿ ಬೋಟನ್ನು ದಡಕ್ಕೆ ಎಳೆದು, ಅದರ ಅಡಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು, ಹತ್ತಿದ್ದನ್ನೆಲ್ಲ ಕೆರೆದು ತೆಗೆಯಬೇಕು. ಚಿಪ್ಪು ಒಡೆದು ಉದುರಿದರೂ ಅದು ಅಂಟಿಕೊಂಡಿದ್ದ ಜಾಗದಲ್ಲಿ ದುಂಡನೆಯ ಬಿಳಿ ಗುರುತು ಉಳಿಯುತ್ತದೆ. ಆ ಗುರುತನ್ನು ಕೀಳುವಷ್ಟರಲ್ಲಿ ಬೆರಳುಗಳ ತುದಿ ತರಚಿ ಉಪ್ಪುನೀರಿಗೆ ಉರಿಯತೊಡಗುತ್ತದೆ.

ಬಾರ್ನಕಲ್ ಬಲು ಸೋಜಿಗದ ಪ್ರಾಣಿ. ನೋಡಿದರೆ ಚಿಪ್ಪುಮೀನಿನ ಜಾತಿ ಅನ್ನಿಸುತ್ತದೆ, ಆದರೆ ಅದು ಏಡಿ, ಸಿಗಡಿಗಳ ನೆಂಟ. ಮರಿಯಾಗಿದ್ದಾಗ ನೀರಿನಲ್ಲಿ ಸ್ವಚ್ಛಂದವಾಗಿ ಈಜುತ್ತದೆ. ಒಂದು ಹಂತದಲ್ಲಿ ನೆಲೆ ಹುಡುಕಲು ಹೊರಟು, ಮೀಸೆಗಳನ್ನೇ ಕಾಲು ಮಾಡಿಕೊಂಡು ಬಂಡೆಯ ಮೇಲೆ ಅತ್ತಿಂದಿತ್ತ ನಡೆದಾಡಿ ಜಾಗ ಪರೀಕ್ಷಿಸುತ್ತದೆ. ಒಪ್ಪಿಗೆಯಾದರೆ ತಲೆಯ ಕಡೆಯಿಂದ ಅಂಟು ಸುರಿಸಿ ಕಚ್ಚಿಕೊಳ್ಳುತ್ತದೆ, ಅಲ್ಲಿಗೆ ಜೀವಮಾನದ ಓಡಾಟ ಮುಗಿಯಿತು. ಆಮೇಲೆ ಸುತ್ತಲೂ ಸುಣ್ಣದ ಗೋಡೆ ಎಬ್ಬಿಸಿಕೊಂಡು, ತಲೆ ಕೆಳಗಾಗಿ ಕುಳಿತು, ಗರಿಯಂಥ ಕಾಲುಗಳನ್ನು ಬೀಸಿ ಬೀಸಿ ಆಹಾರವನ್ನು ಒಳಗೆಳೆದುಕೊಳ್ಳುತ್ತದೆ. ಚಾರ್ಲ್ಸ್ ಡಾರ್ವಿನ್ ತನ್ನ ಮಹಾಗ್ರಂಥ ಬರೆಯುವ ಮುಂಚೆ, 1846ರಿಂದ 1854ರವರೆಗೆ ಎಂಟು ವರ್ಷ ಈ ಒಂದೇ ಪ್ರಾಣಿಯ ಹಿಂದೆ ಬಿದ್ದಿದ್ದ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಆ ಎಂಟು ವರ್ಷ ಹೆಚ್ಚೆನಿಸುವುದಿಲ್ಲ.

ಹಡಗಿನವರಿಗೆ ಮಾತ್ರ ಈ ಸೋಜಿಗ ಬೇಡ. ಅಡಿ ಒರಟಾದರೆ ನೀರು ಹಿಡಿದು ಜಗ್ಗುತ್ತದೆ, ವೇಗ ಇಳಿಯುತ್ತದೆ, ಇಂಧನದ ಖರ್ಚು ಶೇಕಡಾ 40ರವರೆಗೂ ಏರಬಹುದು. ಆದ್ದರಿಂದ ಹಡಗು ಹುಟ್ಟಿದಾಗಿನಿಂದ ಈ ಕಾಳಗ ನಡೆದೇ ಇದೆ. ಡಾಂಬರು ಬಳಿದರು, ಸೀಸದ ತಗಡು ಹೊದಿಸಿದರು. 1761ರಲ್ಲಿ ಬ್ರಿಟಿಷ್ ನೌಕಾಪಡೆ ಅಲಾರ್ಮ್ ಎಂಬ ಹಡಗಿನ ಅಡಿಗೆ ತಾಮ್ರದ ಹಾಳೆ ಹೊಡೆದು ಪರೀಕ್ಷಿಸಿತು. ಹಾಳೆಯೇನೋ ಜೀವಿಗಳನ್ನು ದೂರ ಇಟ್ಟಿತು, ಆದರೆ ಪಕ್ಕದ ಕಬ್ಬಿಣದ ಮೊಳೆಗಳು ತಿಂದುಹೋದವು. ಕಬ್ಬಿಣದ ಹಡಗುಗಳ ಕಾಲ ಬಂದಾಗ ತಾಮ್ರದ ಹಾಳೆ ಹೊಡೆಯುವ ಮಾತೇ ಇರಲಿಲ್ಲ, ತಾಮ್ರವನ್ನು ಬಣ್ಣದಲ್ಲಿ ಬೆರೆಸಿದರು. ಪಾದರಸ, ಪಾಷಾಣಗಳನ್ನೂ ಬಿಡಲಿಲ್ಲ.

ಕೊನೆಗೆ ಬಂದದ್ದು ತವರ. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಕಲಾಯಿಯವನು ಅಂಗಳದಲ್ಲಿ ತಿದಿ ಹೂಡಿ, ನವಸಾಗರದ ಹೊಗೆ ಎಬ್ಬಿಸಿ, ಹಿತ್ತಾಳೆ ಪಾತ್ರೆಯ ಒಳಮೈಗೆ ಸವರುತ್ತಿದ್ದದ್ದು ಇದೇ ಲೋಹವನ್ನು. ಹುಳಿ ಸಾರು ಕಿಲುಬಿ ವಿಷವಾಗದಂತೆ ಕಾಯುತ್ತಿದ್ದ ಲೋಹ ಅದು. ಆದರೆ ತವರದ ಒಂದು ಪರಮಾಣುವಿಗೆ ಮೂರು ಇಂಗಾಲದ ಬಾಲಗಳನ್ನು ಜೋಡಿಸಿದರೆ ಅದರ ಗುಣವೇ ಬೇರೆ. ಇಂಥ ಸಂಯುಕ್ತಗಳಿಗೆ ಸೂಕ್ಷ್ಮಜೀವಿಗಳನ್ನೂ ಬೂಷ್ಟನ್ನೂ ಕೊಲ್ಲುವ ಶಕ್ತಿಯಿದೆಯೆಂದು 1950ರ ದಶಕದಲ್ಲಿ ಹಾಲೆಂಡಿನ ವಾನ್ ಡರ್ ಕೆರ್ಕ್ ಮತ್ತು ಸಂಗಡಿಗರು ತೋರಿಸಿದರು. ಅವುಗಳಲ್ಲೊಂದು ಟ್ರೈಬ್ಯುಟೈಲ್ ಟಿನ್, ಚಿಕ್ಕದಾಗಿ ಟಿಬಿಟಿ. ರೋಗ ಹರಡುವ ಸಿಹಿನೀರಿನ ಬಸವನಹುಳುಗಳನ್ನು ಕೊಲ್ಲುವುದಕ್ಕೂ ಇದನ್ನು ಪರೀಕ್ಷಿಸಿದ್ದರು. ಕೆರೆಯ ಬಸವನಹುಳುವನ್ನು ಕೊಲ್ಲಬಲ್ಲ ವಸ್ತು ಕಡಲಿನ ಬಸವನಹುಳುವಿಗೆ ಏನು ಮಾಡೀತು ಎಂಬ ಪ್ರಶ್ನೆ ಆಗಲೇ ಏಳಬೇಕಿತ್ತು.

1960ರ ದಶಕದಲ್ಲಿ ಟಿಬಿಟಿ ಹಡಗಿನ ಬಣ್ಣದೊಳಗೆ ಸೇರಿತು. ಮುಂದಿನ ದಶಕದಲ್ಲಿ ಅದಕ್ಕೆ ಇನ್ನೊಂದು ಸುಧಾರಣೆ ಬಂತು: ವಿಷವನ್ನು ಬಣ್ಣದ ಅಂಟಿಗೇ ರಾಸಾಯನಿಕವಾಗಿ ಪೋಣಿಸಿಬಿಟ್ಟರು. ಉಪ್ಪುನೀರು ತಾಗಿದಾಗ ಮೇಲಿನ ಪದರ ಸಾಬೂನಿನಂತೆ ತುಸುತುಸುವೇ ಸವೆಯುತ್ತದೆ, ಒಳಗಿನ ಹೊಸ ವಿಷ ಹೊರಮೈಗೆ ಬರುತ್ತಲೇ ಇರುತ್ತದೆ. ಒಮ್ಮೆ ಬಳಿದರೆ ಐದು ವರ್ಷ ಅಡಿ ನುಣುಪು. ಎಣ್ಣೆ ಉಳಿಯಿತು, ಕೆರೆಯುವ ಕೂಲಿ ಉಳಿಯಿತು. ಇದನ್ನು ಕಂಡುಹಿಡಿದವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ, ಕೊಂಡವರಲ್ಲೂ ಇರಲಿಲ್ಲ. ಒಳ್ಳೆಯ ಸರಕು ಎಂದೇ ಜಗತ್ತು ಅದನ್ನು ಬರಮಾಡಿಕೊಂಡಿತು. ಈ ಕಥೆ ನನ್ನನ್ನು ಬಹುವಾಗಿ ಕಾಡುವುದು ಇದೇ ಕಾರಣಕ್ಕೆ.

ಫ್ರಾನ್ಸಿನ ನೈಋತ್ಯ ಕರಾವಳಿಯಲ್ಲಿ, ಬೋರ್ಡೋ ನಗರದ ಹತ್ತಿರ, ಆರ್ಕಶಾನ್ ಎಂಬ ಕೊಲ್ಲಿ ಇದೆ. ಕಡಲಿಗೆ ಒಂದೇ ಕಿರಿದಾದ ಬಾಯಿ, ಒಳಗೆ ವಿಶಾಲವಾದ ಆಳವಿಲ್ಲದ ನೀರು. ಸಿಂಪಿ ಸಾಕುವುದು ಅಲ್ಲಿನವರ ಕಸುಬು. ಅವರ ಕೆಲಸದ ಕ್ರಮ ನಮ್ಮ ಮಂಗಳೂರಿನವರಿಗೆ ಬಲು ಆಪ್ತವೆನಿಸೀತು, ಏಕೆಂದರೆ ಅವರಿಗೆ ಬೇಕಾದದ್ದು ಹೆಂಚು. ಬೇಸಿಗೆಯಲ್ಲಿ ಸಿಂಪಿಗಳು ಮೊಟ್ಟೆಯಿಡುವ ಹೊತ್ತಿಗೆ ಮನೆಯ ಮಾಡಿಗೆ ಹೊದಿಸುವಂಥ ಮಣ್ಣಿನ ಹೆಂಚುಗಳಿಗೆ ಸುಣ್ಣ ಬಳಿದು ನೀರಿನಲ್ಲಿ ಪೇರಿಸಿಡುತ್ತಾರೆ. ತೇಲಾಡುವ ಮರಿಗಳು ಅಂಟಲು ಗಟ್ಟಿ ಜಾಗ ಹುಡುಕುತ್ತ ಬಂದು ಹೆಂಚಿಗೆ ಹತ್ತುತ್ತವೆ. ಸ್ವಲ್ಪ ಬೆಳೆದ ಮೇಲೆ ಸುಣ್ಣದ ಸಮೇತ ಕೆರೆದರೆ ಮರಿಗೆ ಪೆಟ್ಟಾಗದೆ ಬಿಡಿಸಿಕೊಳ್ಳುತ್ತದೆ. ಅದೇ ಮುಂದಿನ ಬೆಳೆಯ ಬೀಜ.

1970ರ ದಶಕದ ಕೊನೆಯಲ್ಲಿ ಹೆಂಚುಗಳು ಖಾಲಿ ಬರತೊಡಗಿದವು. ಸಿಂಪಿಗಳು ಮೊಟ್ಟೆ ಇಡುತ್ತಿದ್ದವು, ಮರಿಗಳು ಮಾತ್ರ ಹುಟ್ಟಿದ ಕೆಲವೇ ದಿನಗಳಲ್ಲಿ ಕಾಣೆ. ಒಂದು ವರ್ಷ ಹೀಗಾದರೆ ಹವೆಯ ಮೇಲೆ ಹೊರಿಸಬಹುದು, ಮರುವರ್ಷವೂ ಹಾಗೇ, ಅದರ ಮರುವರ್ಷವೂ ಹಾಗೇ. ಬದುಕಿದ್ದ ದೊಡ್ಡ ಸಿಂಪಿಗಳಿಗೂ ಏನೋ ಆಗಿತ್ತು. ಅಗಲವಾಗಿ ಬೆಳೆಯಬೇಕಾದ ಚಿಪ್ಪು ದಪ್ಪವಾಗಿ ಉಬ್ಬುತ್ತಿತ್ತು. ಅಡ್ಡಕ್ಕೆ ಕೊಯ್ದು ನೋಡಿದರೆ ಚಿಪ್ಪಿನ ಪದರಗಳ ನಡುವೆ ಸಾಲು ಸಾಲು ಖಾನೆಗಳು, ಖಾನೆಗಳ ತುಂಬ ಲೋಳೆ, ಒಳಗೆ ಮಾಂಸಕ್ಕೆ ಉಳಿದ ಜಾಗ ಅತ್ಯಲ್ಪ. ಅಂಥದ್ದನ್ನು ಪೇಟೆಯಲ್ಲಿ ಯಾರು ಕೊಂಡಾರು? ವರ್ಷಕ್ಕೆ ಹತ್ತು ಸಾವಿರ ಟನ್ನಿಗೂ ಮೀರಿ ಇದ್ದ ಬೆಳೆ 1981ರಲ್ಲಿ ಮೂರು ಸಾವಿರ ಟನ್ನಿಗೆ ಇಳಿಯಿತು.

ಕ್ಲೋದ್ ಅಲ್ಜಿಯು ಎಂಬ ಫ್ರೆಂಚ್ ವಿಜ್ಞಾನಿ ಮತ್ತು ಅವರ ಸಹೋದ್ಯೋಗಿಗಳು ಬೆನ್ನುಹತ್ತಿ ಹೋಗಿ ಮೂಲ ಹಿಡಿದರು. ಸುತ್ತಮುತ್ತ ದೊಡ್ಡ ಕಾರ್ಖಾನೆಯ ಕೊಳವೆಯೇನೂ ಇರಲಿಲ್ಲ, ಇದ್ದದ್ದು ಬೇಸಿಗೆಯ ವಿಹಾರಕ್ಕೆ ಬರುವ ಸಾವಿರಾರು ಪುಟ್ಟ ದೋಣಿಗಳು. ಪ್ರತಿಯೊಂದರ ಅಡಿಗೂ ಟಿಬಿಟಿ ಬಣ್ಣ, ಕೊಲ್ಲಿಯ ಬಾಯಿಯೋ ಕಿರಿದು. ಸಿಂಪಿಯವರ ಕೂಗಿಗೆ ಸರ್ಕಾರ ಕಿವಿಗೊಟ್ಟಿತು. 1982ರ ಜನವರಿಯಲ್ಲಿ 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಈ ಬಣ್ಣ ಬಳಿಯಬಾರದೆಂದು ಫ್ರಾನ್ಸ್ ಆಜ್ಞೆ ಹೊರಡಿಸಿತು. ಅದೇ ಬೇಸಿಗೆಯಲ್ಲಿ ಹೆಂಚುಗಳಿಗೆ ಮರಿಗಳು ಮತ್ತೆ ಹತ್ತಿದವು. ಪರಿಸರದ ವರದಿಗಳನ್ನು ಓದಿ ಓದಿ ಎದೆ ಕುಗ್ಗಿದವರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ. ಸುರಿಯುವುದನ್ನು ನಿಲ್ಲಿಸಿದರೆ ಕಡಲು ಚೇತರಿಸಿಕೊಳ್ಳುತ್ತದೆ, ಕೆಲವೊಮ್ಮೆ ಒಂದೇ ವರ್ಷದಲ್ಲಿ.

ಇತ್ತ ಇಂಗ್ಲೆಂಡಿನ ಪ್ಲಿಮತ್ ಬಂದರಿನಲ್ಲಿ ಬೇರೊಂದು ಒಗಟು ಬಿಡಿಸದೆ ಬಿದ್ದಿತ್ತು. ಅಲ್ಲಿನ ಬಂಡೆಗಳ ಮೇಲೆ ಡಾಗ್‌ವೆಲ್ಕ್ ಎಂಬ ಹೆಬ್ಬೆರಳಿನ ತುದಿಯಷ್ಟು ಗಾತ್ರದ ಶಂಖದ ಹುಳು ಇರುತ್ತದೆ. ಸ್ಟೀಫನ್ ಬ್ಲೇಬರ್ ಎಂಬ ಪ್ರಾಣಿಶಾಸ್ತ್ರಜ್ಞ 1970ರಲ್ಲಿ ಒಂದು ವಿಚಿತ್ರ ದಾಖಲಿಸಿದರು: ಈ ಹುಳುವಿನ ಹೆಣ್ಣುಗಳಿಗೆ ಗಂಡಿನ ಜನನಾಂಗ ಮೂಡುತ್ತಿದೆ, ಅದೂ ಬಂದರಿನ ಹತ್ತಿರ ಹೆಚ್ಚು. ಕಾರಣ ತಿಳಿಯಲು ಹದಿನೈದು ವರ್ಷಗಳೇ ಹಿಡಿದವು. ಅದೇ ಊರಿನ ಕಡಲಜೀವಿ ಸಂಸ್ಥೆಯ ಜೆಫ್ರಿ ಬ್ರಯನ್, ಪೀಟರ್ ಗಿಬ್ಸ್ ಮುಂತಾದವರು 1986ರಲ್ಲಿ ಬೆರಳು ತೋರಿಸಿದ್ದು ಇದೇ ಬಣ್ಣದ ಕಡೆಗೆ. ಹೆಣ್ಣಿನ ಮೈಯಲ್ಲಿ ಹಾರ್ಮೋನಿನ ಸಂದೇಶ ಕಲಸಿಹೋಗಿ ಗಂಡಿನ ನಾಳ ಬೆಳೆಯುತ್ತದೆ. ಬೆಳೆದು ಬೆಳೆದು ಮೊಟ್ಟೆ ಹೊರಬರುವ ದಾರಿಯನ್ನೇ ಮುಚ್ಚುತ್ತದೆ. ಮೊಟ್ಟೆಗಳು ಒಳಗೇ ತುಂಬಿಕೊಂಡು ಕಪ್ಪಾಗಿ ಕೊಳೆಯುತ್ತವೆ, ಕೆಲವು ಹುಳುಗಳು ಬಿರಿದು ಸಾಯುತ್ತವೆ. ಇದಕ್ಕೆ ಬೇಕಾದ ವಿಷ ಎಷ್ಟು? ಒಂದು ಲೀಟರ್ ನೀರಿಗೆ ಒಂದು ನ್ಯಾನೋಗ್ರಾಂ ಆಸುಪಾಸು ಸಾಕು. ಅಂದರೆ ನೂರು ಕೋಟಿ ಲೀಟರ್ ನೀರಿಗೆ ಒಂದು ಗ್ರಾಂ.

ಇನ್ನೊಂದು ವಿಷಯವಿದೆ, ಅದನ್ನು ಬಿಟ್ಟರೆ ಮನಸ್ಸಿಗೆ ಸಮಾಧಾನವಿಲ್ಲ. ಡಾಗ್‌ವೆಲ್ಕ್ ಏನು ತಿಂದು ಬದುಕುತ್ತದೆ? ಬಾರ್ನಕಲ್‌ಗಳನ್ನು! ಚಿಪ್ಪನ್ನು ತೂತು ಮಾಡಿಯೋ ಸಂದಿಯಿಂದ ಬಾಯಿ ತೂರಿಸಿಯೋ ಅವನ್ನು ಹೀರಿ ತಿನ್ನುತ್ತದೆ. ಬಾರ್ನಕಲ್ ಅಂಟಬಾರದೆಂದು ಬಳಿದ ಬಣ್ಣ, ಬಾರ್ನಕಲ್ಲನ್ನು ಹದ್ದಿನಲ್ಲಿಟ್ಟಿದ್ದ ಜೀವಿಯ ವಂಶವನ್ನೇ ಬಂದರುಗಳ ಸುತ್ತ ಅಳಿಸಿಹಾಕಿತು. ಈ ಹುಳುವಿನ ಮರಿಗಳು ಸಿಂಪಿಯ ಮರಿಗಳ ಹಾಗೆ ತೇಲಿ ದೂರ ಹೋಗುವವಲ್ಲ, ಬಂಡೆಗೆ ಅಂಟಿಸಿದ ಮೊಟ್ಟೆಯ ಚೀಲದಿಂದ ನೇರವಾಗಿ ತೆವಳಿಕೊಂಡು ಹೊರಬರುತ್ತವೆ. ಒಂದು ಬಂಡೆಯಲ್ಲಿ ನಿರ್ನಾಮವಾದರೆ ಪಕ್ಕದ ಬಂಡೆಯಿಂದ ಬಂದು ತುಂಬಲು ಎಷ್ಟೋ ವರ್ಷ ಬೇಕು.

ಕಡಲಿನ ವಿಷದ ಬಗ್ಗೆ ನಮ್ಮ ಕಲ್ಪನೆಯೇ ಬದಲಾಗಬೇಕು ಅಂತ ನನಗೆ ಬಲವಾಗಿ ಅನ್ನಿಸುವುದು ಇಲ್ಲಿ. ಹೊಳೆಯಲ್ಲಿ ಮೀನು ಸತ್ತು ತೇಲಿದರೆ ಮರುದಿನ ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ಅಧಿಕಾರಿಗಳು ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಹೋಗುತ್ತಾರೆ. ಹುಟ್ಟದೇ ಹೋದ ಮರಿಯ ಫೋಟೋ ತೆಗೆಯುವುದು ಹೇಗೆ? ಟಿಬಿಟಿಯೊಂದೇ ಅಲ್ಲ, ಬೇರೆ ವಿಷಗಳದ್ದೂ ಇದೇ ಕಥೆ. ಸ್ಕಾಟ್‌ಲೆಂಡಿನ ಟೈರಿ ದ್ವೀಪದ ದಡಕ್ಕೆ 2016ರ ಜನವರಿಯಲ್ಲಿ ಲುಲು ಎಂದು ಹೆಸರಿಟ್ಟಿದ್ದ ಓರ್ಕಾ ತಿಮಿಂಗಿಲದ ಹೆಣ ಬಂತು. ಸತ್ತದ್ದು ಹಗ್ಗಕ್ಕೆ ಸಿಕ್ಕಿಕೊಂಡು. ಆದರೆ ಅವಳ ಕೊಬ್ಬಿನಲ್ಲಿ ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕ ಕಿಲೋಗೆ 950 ಮಿಲಿಗ್ರಾಂಗಿಂತ ಹೆಚ್ಚಿತ್ತು. ಪಿಸಿಬಿಯನ್ನು ಬ್ರಿಟನ್ 1981ರಲ್ಲೇ ನಿಷೇಧಿಸಿತ್ತು! ಇಪ್ಪತ್ತು ವರ್ಷವಾದರೂ ತುಂಬಿದ್ದ ಆ ಹೆಣ್ಣು ಒಂದೂ ಮರಿ ಹಾಕಿರಲಿಲ್ಲ. ಸಂಶೋಧಕರು ಗಮನಿಸಲು ತೊಡಗಿದಂದಿನಿಂದ ಅವಳಿದ್ದ ಚಿಕ್ಕ ಗುಂಪಿನಲ್ಲಿ ಒಂದು ಮರಿಯೂ ಕಂಡಿಲ್ಲ.

ನಮ್ಮ ಕಡಲೂ ಟಿಬಿಟಿಯ ಕಥೆಯಿಂದ ಹೊರಗಿಲ್ಲ. ಕೊಂಕಣದ ಹೆಸರನ್ನೇ ಹೊತ್ತ ಕ್ರೋನಿಯಾ ಕೊಂಕಣೆನ್ಸಿಸ್ ಎಂಬ ಶಂಖದ ಹುಳುವಿನಲ್ಲಿ ಹೆಣ್ಣಿಗೆ ಗಂಡಿನ ಅಂಗ ಮೂಡಿದ್ದನ್ನು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1999ರಲ್ಲಿ ವರದಿ ಮಾಡಿದರು. ಹಡಗುಗಳು ದೇಶದಿಂದ ದೇಶಕ್ಕೆ ಓಡಾಡುವುದರಿಂದ ಒಂದೊಂದು ದೇಶದ ಕಾನೂನು ಸಾಲುತ್ತಿರಲಿಲ್ಲ. ಅಂತರರಾಷ್ಟ್ರೀಯ ಕಡಲ ಸಂಘಟನೆ 2001ರ ಅಕ್ಟೋಬರಿನಲ್ಲಿ ಟಿಬಿಟಿ ಬಣ್ಣವನ್ನು ನಿಷೇಧಿಸುವ ಒಪ್ಪಂದ ರೂಪಿಸಿತು, ಅದು ಜಾರಿಗೆ ಬಂದದ್ದು 2008ರ ಸೆಪ್ಟೆಂಬರಿನಲ್ಲಿ. ಯುರೋಪಿನ ಬಂಡೆಗಳಿಗೆ ಶಂಖದ ಹುಳುಗಳು ಮರಳಿ ಬರುತ್ತಿವೆ. ಟಿಬಿಟಿಯ ಜಾಗಕ್ಕೆ ತಾಮ್ರ ಬಂತು, ಜೊತೆಗೆ ಪಾಚಿ ಕೊಲ್ಲುವ ಬೇರೆ ಔಷಧಗಳು ಬಂದವು. ಅವುಗಳಲ್ಲಿ ಸೈಬ್ಯುಟ್ರಿನ್ ಎಂಬುದೂ ಕಡಲಿಗೆ ಕೇಡೆಂದು ಗೊತ್ತಾಗಿ 2023ರ ಜನವರಿಯಿಂದ ಅದನ್ನೂ ಹಡಗುಗಳಿಗೆ ಬಳಿಯುವಂತಿಲ್ಲ. ಮೊದಲು ಬಳಿದು ಆಮೇಲೆ ಪರೀಕ್ಷಿಸುವ ಈ ಪದ್ಧತಿ ತಲೆಕೆಳಗಾದದ್ದು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಹಳೆಯ ವಿಷವೂ ಪೂರ್ತಿ ಹೋಗಿಲ್ಲ. ನೀರಿನಲ್ಲಿ ಟಿಬಿಟಿ ಕೆಲವು ವಾರಗಳಲ್ಲಿ ಒಡೆದುಹೋಗುತ್ತದೆ. ಬಂದರಿನ ಕೆಸರಿಗೆ ಇಳಿದದ್ದು ವರ್ಷಗಟ್ಟಲೆ, ಗಾಳಿ ತಾಗದ ಆಳದಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಹೂಳೆತ್ತಿದಾಗ ಮತ್ತೆ ಮೇಲೆ ಬರುತ್ತದೆ. ನಮ್ಮಲ್ಲಿ ಬಂದರು ಇರುವುದು ಹೆಚ್ಚಾಗಿ ಅಳಿವೆಯ ಬಾಯಲ್ಲೇ, ಚಿಪ್ಪು ಇರುವುದೂ ಅಲ್ಲೇ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತು ನೋಡಿ ಸೊಂಟದುದ್ದ ನೀರಿಗಿಳಿದು, ಕಾಲಿನಿಂದ ಕೆಸರು ತಡಕಿ ಬಳಚು ಹೆಕ್ಕುವ ಹೆಂಗಸರ ಹೊಟ್ಟೆಪಾಡು ನಿಂತಿರುವುದು ಆ ಕೆಸರಿನ ಮೇಲೆ.

ಆದ್ದರಿಂದ ಬೋಟಿನ ಮಾಲೀಕರಲ್ಲಿ ನನ್ನ ಕೋರಿಕೆ ಇಷ್ಟು: ಬಣ್ಣದ ಡಬ್ಬಿ ಕೊಳ್ಳುವಾಗ ಅದರಲ್ಲಿ ಏನೇನಿದೆ ಎಂದು ಅಂಗಡಿಯವರನ್ನು ಕೇಳಿ, ತವರದ ಸಂಯುಕ್ತವಿದ್ದರೆ ಬೇಡ ಎನ್ನಿ. ಅಡಿ ಕೆರೆಯುವಾಗ ಕೆಳಗೆ ಟಾರ್ಪಾಲು ಹಾಸಿ, ಉದುರಿದ ಹಳೆಯ ಬಣ್ಣದ ಪುಡಿಯನ್ನು ಹೊಳೆಗೆ ಗುಡಿಸದೆ ಚೀಲಕ್ಕೆ ತುಂಬಿ. ಬೋಟಿಲ್ಲದ ನಮ್ಮಂಥವರಿಗೂ ಕೆಲಸವಿದೆ. ನಿಮ್ಮೂರ ಬಂದರಿನಲ್ಲಿ ಹೂಳೆತ್ತುವ ಯೋಜನೆ ಬಂದು ಸಾರ್ವಜನಿಕ ಅಹವಾಲು ಸಭೆ ನಡೆದರೆ ಹೋಗಿ ಕುಳಿತುಕೊಳ್ಳಿ. ಎತ್ತುವ ಹೂಳಿನಲ್ಲಿ ಏನಿದೆ ಎಂದು ಪರೀಕ್ಷೆ ಮಾಡಿಸಿದ್ದೀರಾ, ಅದನ್ನು ಎಲ್ಲಿ ಸುರಿಯುತ್ತೀರಿ ಎಂಬ ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.