ಪೆನ್ಸಿಲ್ ಮೇಷ್ಟ್ರ ತಟ್ಟೆಗಳು

ಪಕ್ಕದ ಮನೆಯ ಹುಡುಗಿ ಸಿಇಟಿಗೆ ಓದುತ್ತಿದ್ದಾಳೆ. ಮೊನ್ನೆ ಸಂಜೆ ನಮ್ಮ ಜಗಲಿಯಲ್ಲಿ ಕೂತು ಮಾದರಿ ಒಎಂಆರ್ ಹಾಳೆಯ ಗುಂಡುಗಳನ್ನು ಒಂದೊಂದಾಗಿ ಕಪ್ಪು ಮಾಡುತ್ತಿದ್ದಳು. ಎದುರು ಕುರ್ಚಿಯಲ್ಲಿ ನಾನು, ಮನೆಯ ಕಡತಗಳನ್ನೆಲ್ಲ ಒಂದೆಡೆ ಇಡುವ ನಾಸ್ ಪೆಟ್ಟಿಗೆಗೆ 16 ಟಿಬಿ ಹಾರ್ಡ್ ಡಿಸ್ಕ್ ಯಾವುದು ತರಲಿ ಎಂದು ತಲೆ ಕೆಡಿಸಿಕೊಂಡಿದ್ದೆ. "ನಿನ್ನ ಗುಂಡಿಗೂ ನನ್ನ ಡಿಸ್ಕಿಗೂ ಒಬ್ಬನೇ ಮೂಲಪುರುಷ ಗೊತ್ತಾ?" ಎಂದೆ. "ಹೌದಾ ಅಂಕಲ್" ಎಂದವಳು ತಲೆ ಎತ್ತಲಿಲ್ಲ. ಪರೀಕ್ಷೆಗೆ ಬರುವ ಪ್ರಶ್ನೆಯಲ್ಲವಲ್ಲ.

ರೆನಾಲ್ಡ್ ಜಾನ್ಸನ್ ಮಿಷಿಗನ್‌ನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಅದಕ್ಕೂ ಮೊದಲು ಕಿಡಿಗೇಡಿ ತಮ್ಮ. ಅಕ್ಕಂದಿರನ್ನು ನೋಡಲು ಕಾರಿನಲ್ಲಿ ಬರುತ್ತಿದ್ದ ಹುಡುಗರ ಮೇಲೆ ಅವನಿಗೊಂದು ಕಣ್ಣು. ಅವರು ಒಳಗೆ ಕೂತು ಹಲ್ಲು ಕಿರಿಯುತ್ತಿದ್ದಾಗ ಇವನು ಮೆಲ್ಲಗೆ ಬಾನೆಟ್ ಎತ್ತಿ, ಸ್ಪಾರ್ಕ್ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲಿನಿಂದ ಗೀಚಿ ಬರುತ್ತಿದ್ದ. ಪೆನ್ಸಿಲಿನ ಗ್ರಾಫೈಟ್‌ನಲ್ಲಿ ಕರೆಂಟು ಹರಿಯುತ್ತದೆ. ಒಳಗೆ ಕಿಡಿಯಾಗಬೇಕಾದದ್ದು ಹೊರಗಿನ ಗೀಟಿನ ಗುಂಟ ಸೋರಿಹೋಗುತ್ತದೆ. ಕಾರು ಜಪ್ಪಯ್ಯ ಎಂದರೂ ಸ್ಟಾರ್ಟ್ ಆಗದು. ಭಾವನಾಗಬೇಕೆಂದು ಬಂದವನು ಬೆವರು ಒರೆಸಿಕೊಳ್ಳುತ್ತಾ ಹ್ಯಾಂಡಲ್ ತಿರುಗಿಸುವುದನ್ನು ಈ ಪೋರ ಕಿಟಕಿಯಿಂದ ನೋಡಿ ನಕ್ಕಿರಬೇಕು, ನಗದೆ ಇದ್ದರೆ ಅವನು ತಮ್ಮನೇ ಅಲ್ಲ.

ಮುಂದೆ ಮೇಷ್ಟ್ರಾಗಿ, ಉತ್ತರ ಪತ್ರಿಕೆ ತಿದ್ದಿ ತಿದ್ದಿ ಸಾಕಾದಾಗ ಅದೇ ಪೆನ್ಸಿಲ್ ನೆನಪಾಯಿತು. ಮಕ್ಕಳು ಉತ್ತರದ ಜಾಗದಲ್ಲಿ ಗೀಟು ಹಾಕಲಿ, ಯಂತ್ರ ಅಲ್ಲಿ ಕರೆಂಟು ಹರಿಯುತ್ತದೋ ಇಲ್ಲವೋ ನೋಡಿ ಅಂಕ ಎಣಿಸಲಿ. ಆ ಯಂತ್ರದ ಆಸೆಗೆ ಐಬಿಎಂ ಮೇಷ್ಟ್ರನ್ನೇ ಕೆಲಸಕ್ಕೆ ಕರೆಯಿತು. ಈಗಿನ ಒಎಂಆರ್ ಬೆಳಕಿನಿಂದ ಓದುತ್ತದೆ, ಪೆನ್ನೂ ನಡೆಯುತ್ತದೆ. ನಾವು ಎಚ್‌ಬಿ ಪೆನ್ಸಿಲ್ ಹೆರೆದುಕೊಂಡು ಪರೀಕ್ಷೆಗೆ ಹೋದವರು. ನನ್ನ ಪಕ್ಷಪಾತ ಪೆನ್ಸಿಲಿಗೇ.

1952ರಲ್ಲಿ ಕಂಪನಿ ಅವನನ್ನು ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಗೆ ಕಳಿಸಿ, ಹೊಸದೊಂದು ಪ್ರಯೋಗಾಲಯ ಕಟ್ಟು ಎಂದಿತು. ಲೆಕ್ಕಪತ್ರವನ್ನು ತೂತು ಕೊರೆದಿಟ್ಟ ಕಾರ್ಡುಗಳ ರಾಶಿಯಲ್ಲಿ ಬೇಕಾದದ್ದನ್ನು ಹುಡುಕುವ ಗೋಳು ತಪ್ಪಿಸಲು ಅಲ್ಲಿ ಹುಟ್ಟಿದ್ದೇ ತಿರುಗುವ ತಟ್ಟೆಗಳ ಯೋಚನೆ. ಎರಡಡಿ ಅಗಲದ ಅಲ್ಯೂಮಿನಿಯಂ ತಟ್ಟೆಗೆ ಕಬ್ಬಿಣದ ಆಕ್ಸೈಡ್ ಬಣ್ಣವನ್ನು ಎಲ್ಲೂ ಉಬ್ಬುತಗ್ಗಿಲ್ಲದಂತೆ ಬಳಿಯುವುದು ಹೇಗೆ? ತಟ್ಟೆಯನ್ನು ತಿರುಗಿಸುತ್ತಾ ಒಳಂಚಿನಲ್ಲಿ ಬಣ್ಣ ಸುರಿದರು. ಅದು ತಾನಾಗಿ ಅಂಚಿನವರೆಗೆ ತೆಳ್ಳಗೆ ಹರಡಿತು. ಪ್ರತಿ ಸಲವೂ ಅಷ್ಟೇ ಬಣ್ಣ ಬೀಳಲೆಂದು ಕಾಗದದ ಲೋಟದಲ್ಲಿ ಅಳೆದರು. ಗಂಟು ಬರದಿರಲೆಂದು ಸೋಸಿದ್ದು ಹೆಂಗಸರ ಸ್ಟಾಕಿಂಗ್ಸ್‌ನಲ್ಲಿ! ಗೋಲ್ಡನ್ ಗೇಟ್ ಸೇತುವೆಗೆ ಬಳಿದ ಬಣ್ಣಕ್ಕೂ ಇದಕ್ಕೂ ನೆಂಟಸ್ತಿಕೆ ಇತ್ತೆಂಬ ಮಾತೂ ಉಂಟು. ಆ ಸ್ಟಾಕಿಂಗ್ಸ್ ತರಲು ಅಂಗಡಿಗೆ ಹೋದ ಎಂಜಿನಿಯರ್ ಯಾವ ಅಳತೆ ಹೇಳಿದ, ಯಾರಿಗೆ ಎಂದು ಕೇಳಿದಾಗ ಏನೆಂದ, ಬಿಲ್ಲನ್ನು ಕಂಪನಿಯ ಯಾವ ಖಾತೆಗೆ ಬರೆಸಿದ, ಇವೆಲ್ಲ ನನ್ನನ್ನು ಬಹಳ ಕಾಡಿವೆ.

1956ರಲ್ಲಿ ರಾಮ್ಯಾಕ್ ಎಂಬ ಹೆಸರಿನಲ್ಲಿ ಹೊರಬಂದ ಆ ಹಾರ್ಡ್ ಡಿಸ್ಕಿನಲ್ಲಿ ಅಂಥ 50 ತಟ್ಟೆಗಳು, ತೂಕ ಒಂದು ಟನ್ನಿನಷ್ಟು, ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಇವತ್ತಿನ ಮೊಬೈಲಿನ ಒಂದು ಫೋಟೋ.

ನನಗೆ ಡಿಸ್ಕು ಬೇಕಾದದ್ದು ಫೋಟೋಗಲ್ಲ, ಆಟಕ್ಕೆ. ನನ್ನ ಭಾವನಿಗೆ ಯಕ್ಷಗಾನದ ಹುಚ್ಚು. ಎರಡು ಕ್ಯಾಮೆರಾ ನಿಲ್ಲಿಸಿ ಚೌಕಿಯಿಂದ ಮಂಗಳದವರೆಗೆ ಇಡೀ ರಾತ್ರಿ ಹಿಡಿಯುತ್ತಾರೆ. ಒಂದು ಆಟ ಅರ್ಧ ಟಿಬಿ ಮೀರುತ್ತದೆ. "ನೀನು ಕಂಪ್ಯೂಟರಿನವನಲ್ವನಾ, ಇಟ್ಕಾ" ಎಂದು ಎಲ್ಲವನ್ನೂ ನನಗೆ ದಾಟಿಸಿದ್ದಾರೆ.

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಲ್ಲಿ ಡಿಸ್ಕು ಕೇಳಿದರೆ ಬಣ್ಣ ಕೇಳುತ್ತಾರೆ. ನೀಲಿ ಮನೆ ಕಂಪ್ಯೂಟರಿಗೆ, ನೇರಳೆ ಸಿಸಿ ಕ್ಯಾಮೆರಾಕ್ಕೆ, ಕೆಂಪು ನಾಸ್‌ಗೆ. ಬಣ್ಣ ನಂಬಿ ಕೂತರೂ ಆಗದು. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ಕೆಂಪು ಸಾಲಿನ ಕೆಲವು ಡಿಸ್ಕುಗಳ ಒಳಗೆ ಎಸ್‌ಎಂಆರ್ ಇದೆ ಎಂದು ಗೊತ್ತಾಗಿ ದೊಡ್ಡ ಗಲಾಟೆಯೇ ಆಯಿತು. ಎಸ್‌ಎಂಆರ್‌ನಲ್ಲಿ ದತ್ತಾಂಶದ ಸಾಲುಗಳು ಮಂಗಳೂರು ಹೆಂಚಿನಂತೆ ಒಂದರ ಮೇಲೊಂದು ಅಂಚು ಹೊದ್ದಿರುತ್ತವೆ. ಒಂದನ್ನು ಬದಲಿಸಲು ಪಕ್ಕದವನ್ನೂ ಎತ್ತಿ ಮತ್ತೆ ಹೊದಿಸಬೇಕು. ಹಲವು ಡಿಸ್ಕುಗಳನ್ನು ಒಂದಾಗಿ ದುಡಿಸುವ ರೇಡ್‌ನಲ್ಲಿ ಒಂದು ಡಿಸ್ಕು ಸತ್ತು, ಹೊಸದಕ್ಕೆ ಎಲ್ಲವನ್ನೂ ತುಂಬುವ ಹೊತ್ತಿಗೆ ಇದು ಏದುಸಿರು ಬಿಡುತ್ತದೆ. ಆದ್ದರಿಂದ ಸಾಲುಗಳು ಬಿಡಿಬಿಡಿಯಾಗಿರುವ ಸಿಎಂಆರ್ ಎಂದು ಖಾತ್ರಿ ಮಾಡಿಕೊಂಡೇ ದುಡ್ಡು ಕೊಡುವುದು.

ಉಳಿದ ಅಂಕಿಗಳಿಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. 16 ಟಿಬಿ ಎಂದು ತಂದದ್ದು ಕಂಪ್ಯೂಟರಿನಲ್ಲಿ 14.5 ಎನ್ನುತ್ತದೆ. ಮಾರುವವರದು ಸಾವಿರದ ಲೆಕ್ಕ, ಕಂಪ್ಯೂಟರಿನದು 1024ರ ಲೆಕ್ಕ, ಕಳುವೇನೂ ಆಗಿಲ್ಲ. ಸರಾಸರಿ ಆಯಸ್ಸು ಹತ್ತು ಲಕ್ಷ ಗಂಟೆ ಎಂದು ಬರೆದಿರುತ್ತಾರೆ, ಅಂದರೆ 114 ವರ್ಷ. ಹಾರ್ಡ್ ಡಿಸ್ಕೆಂಬ ಜಾತಿಗೇ ಇನ್ನೂ ಅಷ್ಟು ವಯಸ್ಸಾಗಿಲ್ಲ! ಅದರ ಅರ್ಥ ಇಷ್ಟೇ: ನೂರಾ ಹದಿನಾಲ್ಕು ಡಿಸ್ಕು ಓಡಿಸಿದರೆ ವರ್ಷಕ್ಕೊಂದು ಹೋಗಬಹುದು. ಆ ಒಂದು ನನ್ನದೇ ಆಗಬಾರದೆಂದೇನಿಲ್ಲ. ಒಳಗೆ ಗಾಳಿಯ ಬದಲು ಹೀಲಿಯಂ ತುಂಬಿ ಬೆಸುಗೆ ಹಾಕಿದವು 2013ರಿಂದ ಬಂದಿವೆ. ಹಗುರ ಅನಿಲದಲ್ಲಿ ತಟ್ಟೆಗಳು ಕಡಿಮೆ ನಡುಗುತ್ತವೆ, ತೆಳ್ಳಗೆ ಮಾಡಿ ಹೆಚ್ಚು ಜೋಡಿಸಬಹುದು. ಆದರೂ ದೊಡ್ಡ ಡಿಸ್ಕಿನ ಕಟಕಟ ಮಲಗುವ ಕೋಣೆಗೆ ಕೇಳಿಸುತ್ತದೆ. ನಮ್ಮದು ಅಟ್ಟಕ್ಕೆ ಹೋಯಿತು.

ಕೊನೆಗೆ ಮೂರು ತಂದೆ, ಬೇರೆ ಬೇರೆ ಅಂಗಡಿಯಿಂದ, ಒಂದೇ ಕಂತಿನಲ್ಲಿ ತಯಾರಾದವು ಒಟ್ಟಿಗೆ ಕೈಕೊಡದಿರಲಿ ಎಂದು. ಎರಡು ಪೆಟ್ಟಿಗೆಯೊಳಗೆ, ಒಂದು ಇನ್ನೊಂದರ ಕನ್ನಡಿ. ಅಷ್ಟಕ್ಕೇ ನಿಶ್ಚಿಂತೆ ಎಂದರೆ ತಪ್ಪು. ಕೈತಪ್ಪಿ ಒಂದು ಪ್ರಸಂಗ ಅಳಿಸಿದರೆ ಕನ್ನಡಿಯೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ಹಾಗಾಗಿ ಮೂರನೆಯದಕ್ಕೆ ಎಲ್ಲವನ್ನೂ ತುಂಬಿ ಅಕ್ಕನ ಮನೆಗೇ ಒಯ್ದು ಕೊಟ್ಟೆ. ಭಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇಷ್ಟು ಸಣ್ಣದ್ರಲ್ಲಿ ಎಷ್ಟು ಆಟ ಹಿಡಿತದೋ?"

"ಇಪ್ಪತ್ತು ಇಪ್ಪತ್ತೈದು."

"ಹಾಗಾದ್ರೆ ಮುಂದಿನ ತಿರುಗಾಟಕ್ಕೆ ಇನ್ನೊಂದು ತಕ್ಕೊಂಬಾ" ಎಂದರು.