ಎಣಿಸಿ ಇಟ್ಟ ಹಾಡುಗಳು

ಅಡುಗೆಮನೆಯ ಡಬ್ಬಗಳನ್ನು ಜೋಡಿಸಿಡುವುದರಲ್ಲಿ ಪ್ರತಿಯೊಬ್ಬ ಹೆಂಗಸಿಗೂ ಅವಳದೇ ಆದ ಒಂದು ಶಾಸ್ತ್ರವಿರುತ್ತದೆ. ದಿನಾ ಬೇಕಾಗುವ ಸಾಸಿವೆ, ಜೀರಿಗೆ ಕೈಗೆ ಸಿಗುವಲ್ಲಿ. ಹಬ್ಬಕ್ಕೆಂದು ತಂದ ದ್ರಾಕ್ಷಿ, ಗೋಡಂಬಿ ಮಕ್ಕಳ ಕೈಗೆ ಸಿಗದಲ್ಲಿ. ಮಳೆಗಾಲದ ಹಪ್ಪಳ, ಸಂಡಿಗೆ ಅಟ್ಟದಲ್ಲಿ. ಕಂಪ್ಯೂಟರಿನ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಕಡತಗಳನ್ನು ಜೋಡಿಸುವುದೆಂದರೂ ಹೆಚ್ಚು ಕಡಿಮೆ ಇಷ್ಟೇ ಎಂದು ನಾನು ಹೇಳಿದರೆ, ಕನ್ನಡ ಪಾಠ ಹೇಳುವ ಈಕೆಗೆ ಆ ಉಸಾಬರಿ ಏಕೆಂದು ನೀವು ನಕ್ಕೀರಿ. ಉಸಾಬರಿಗೆ ಕಾರಣ ನಮ್ಮ ಅತ್ತೆಯವರ ಹಾಡುಗಳು.

ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಸೋಬಾನೆ, ಬೀಸುವ ಪದ, ತೊಟ್ಟಿಲ ಹಾಡು ಎಲ್ಲವೂ ಅವರ ಬಾಯಲ್ಲಿದ್ದವು. 1996ರಲ್ಲಿ ನನ್ನ ಯಜಮಾನರು ಅವರನ್ನು ಟೇಪ್‌ರೆಕಾರ್ಡರ್ ಮುಂದೆ ಕೂರಿಸಿ 43 ಹಾಡು ಹಾಡಿಸಿದರು. 2004ರಲ್ಲಿ ಅತ್ತೆ ತೀರಿಕೊಂಡರು. ಆಮೇಲೆ ಹಾಡುಗಳು ಕಂಪ್ಯೂಟರಿಗೆ ಏರಿ, ಕೊನೆಗೆ 500 ಜಿಬಿಯ ಒಂದು ಡಿಸ್ಕಿನಲ್ಲಿ ನೆಲೆಸಿದವು. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದು ಹೋಯಿತು. ಅಲ್ಲಿಗೆ ಆ ದನಿ ಉಳಿದಿದ್ದು ಅದೊಂದು ಡಿಸ್ಕಿನಲ್ಲಿ ಮಾತ್ರ.

ಬೇರೆ ಬೇರೆ ಊರು ಸೇರಿದ ಮೊಮ್ಮಕ್ಕಳಿಗೆ ಬೇಕೆನಿಸಿದಾಗ ಕೇಳಲು ಸಿಗಲೆಂದು ಮನೆಯಲ್ಲೇ ಒಂದು ಪುಟ್ಟ ವೆಬ್ ಸರ್ವರ್ ಇಡುವ ಯೋಚನೆ ಬಂತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಾಸ್ಪ್‌ಬೆರಿ ಪೈ ತಂದುಕೊಟ್ಟ. 2012ರಲ್ಲಿ ಇಂಗ್ಲೆಂಡಿನವರು ಮಕ್ಕಳು ಕಂಪ್ಯೂಟರ್ ಕಲಿಯಲೆಂದು ಮಾರಾಟಕ್ಕೆ ತಂದ, ಬ್ಯಾಂಕಿನ ಕಾರ್ಡಿನಷ್ಟಗಲದ ಹಲಗೆ ಅದು. ಅದಕ್ಕೆ 1 ಟಿಬಿಯ ಹೊಸ ಡಿಸ್ಕು ಬಂತು. 1956ರಲ್ಲಿ ಐಬಿಎಂ ಕಂಪನಿ ಮೊದಲ ಬಾರಿಗೆ ಡಿಸ್ಕಿನ ಯಂತ್ರ ಮಾಡಿದಾಗ, 24 ಅಂಗುಲ ಅಗಲದ 50 ತಟ್ಟೆಗಳಲ್ಲಿ ಹಿಡಿಸಿದ್ದು 50 ಲಕ್ಷ ಅಕ್ಷರಗಳಂತೆ. ಇವತ್ತಿನ ಲೆಕ್ಕದಲ್ಲಿ ನಮ್ಮತ್ತೆಯ ಒಂದು ಹಾಡಿಗೆ ಸರಿಹೋದೀತು!

ಹೊಸ ಡಿಸ್ಕು ಕೊಂಡವರಿಗೆಲ್ಲ ಮೊದಲು ಬರುವ ಅನುಮಾನ, ಅಂಗಡಿಯವನು ಮೋಸ ಮಾಡಿದನೇ ಎಂಬುದು. 1 ಟಿಬಿ ಎಂದು ಬರೆದಿರುತ್ತದೆ, ಕಂಪ್ಯೂಟರು 931 ಎನ್ನುತ್ತದೆ. ಮಾರುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ಕಂಪ್ಯೂಟರು 1024ರ ಲೆಕ್ಕದಲ್ಲಿ. ಸೇರು ಬೇರೆ, ಅಕ್ಕಿ ಅಷ್ಟೇ. ಲಿನಕ್ಸ್‌ನ ಎಕ್ಸ್ಟ್4 ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿದರೆ ಇನ್ನೂ ನೂರಕ್ಕೆ 5 ಭಾಗವನ್ನು ಆಪತ್ತಿಗೆಂದು ಎತ್ತಿಡುತ್ತದೆ. ಸಾಸಿವೆ ಡಬ್ಬದಲ್ಲಿ ದುಡ್ಡು ಮುಚ್ಚಿಟ್ಟ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಈ ಪದ್ಧತಿಯ ಇನ್ನೊಂದು ಗುಣ, ದೊಡ್ಡ ಪುಸ್ತಕದಲ್ಲಿ ಬರೆಯುವ ಮೊದಲು ಕಚ್ಚಾ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವುದು. ನಡುವೆ ಕರೆಂಟು ಹೋದರೂ, ಬಂದ ಮೇಲೆ ಆ ಪುಸ್ತಕ ನೋಡಿ ಲೆಕ್ಕ ಸರಿಪಡಿಸಿಕೊಳ್ಳುತ್ತದೆ. ನಮ್ಮ ಊರುಗಳಿಗೆ ಹೇಳಿ ಮಾಡಿಸಿದ ಗುಣವಲ್ಲವೇ?

ಡಿಸ್ಕಿನಲ್ಲಿ ಹಾಡಿಗೊಂದು, ಫೋಟೋಗೊಂದು, ಪತ್ರಗಳಿಗೊಂದು ಕೋಣೆ ಮಾಡಿದೆವು. ಸರ್ವರಿನ ತಂತ್ರಾಂಶಕ್ಕೆ ಅವನ್ನು ಓದಿ ತೋರಿಸುವ ಅಧಿಕಾರ ಮಾತ್ರ, ಬರೆಯುವ, ಅಳಿಸುವ ಅಧಿಕಾರವಿಲ್ಲ. ಉಪ್ಪಿನಕಾಯಿ ಜಾಡಿಗೆ ಮನೆಯಲ್ಲಿ ಒಬ್ಬರೇ ಕೈ ಹಾಕಬೇಕು, ಉಳಿದವರಿಗೆ ಬಡಿಸಿದರೆ ಸಾಕು.

ಮುಂದಿನ ಕೆಲಸ ಹಳೆಯ ಡಿಸ್ಕಿನದು. ಅದು ವಿಂಡೋಸ್‌ನ ಪದ್ಧತಿಯಲ್ಲಿತ್ತು. ಹಾಡುಗಳನ್ನು ಹೊಸದಕ್ಕೆ ನಕಲು ಮಾಡಿ, ಹಳೆಯದನ್ನು ಅಳಿಸಿ ಫಾರ್ಮ್ಯಾಟ್ ಮಾಡಿ, ಎರಡನೆಯ ಪ್ರತಿ ಇಡಲು ಬಳಸುವುದೆಂದಾಯಿತು. ಹುಡುಗ ಚುರುಕು. ಪರದೆಯ ಮೇಲೆ ಸಾಲುಗಳು ಸರಸರ ಓಡಿದವು. "ಆಯ್ತು ಟೀಚರ್, ಇನ್ನು ಅಳಿಸಿಬಿಡಲಾ?" ಎಂದ.

"ತಾಳು, ತಲೆ ಎಣಿಸೋಣ" ಎಂದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದ ಯಾವ ಟೀಚರೂ ಎಣಿಸದೆ ಬಸ್ಸು ಹೊರಡಿಸುವುದಿಲ್ಲ. ಹಳೆಯದರಲ್ಲಿ 43. ಹೊಸದರಲ್ಲಿ 41.

ಹುಡುಗನ ಮುಖ ಸಣ್ಣದಾಯಿತು. ಇಬ್ಬರೂ ಕೂತು ಹುಡುಕಿದಾಗ ಕಾರಣ ಸಿಕ್ಕಿತು. ನಮ್ಮ ಯಜಮಾನರು ಪ್ರತಿ ಕಡತಕ್ಕೂ ಹಾಡಿನ ಮೊದಲ ಸಾಲು, ಹಾಡುವ ಸಂದರ್ಭ, ಅತ್ತೆ ಅದನ್ನು ಯಾರಿಂದ ಕಲಿತರು ಎಂಬುದನ್ನೆಲ್ಲ ಸೇರಿಸಿ ಕನ್ನಡದಲ್ಲೇ ಉದ್ದುದ್ದ ಹೆಸರಿಟ್ಟಿದ್ದರು. ವಿಂಡೋಸ್ ಒಂದು ಹೆಸರಿಗೆ 255 ಅಕ್ಷರಗಳವರೆಗೆ ಒಪ್ಪುತ್ತದೆ. ಎಕ್ಸ್ಟ್4 ಎಣಿಸುವುದು ಅಕ್ಷರವನ್ನಲ್ಲ, ಬೈಟನ್ನು. ಮಿತಿ 255 ಬೈಟು. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟು ಸಾಕು. ನಮ್ಮ ಕನ್ನಡದಲ್ಲಿ ಅಕ್ಷರಕ್ಕೆ 3, ಅದರ ಗುಣಿತದ ಚಿಹ್ನೆಗೆ ಮತ್ತೆ 3. ಚಿಹ್ನೆಗಳೂ ಸೇರಿ 85 ದಾಟಿದರೆ ಜಾಗವಿಲ್ಲ. ಹೆಸರು ಉದ್ದವಾಯಿತೆಂದು ಎರಡು ಹಾಡುಗಳನ್ನು ಅದು ಒಳಗೇ ಬಿಟ್ಟುಕೊಂಡಿರಲಿಲ್ಲ. ಆ ದೂರಿನ ಸಾಲು ಪರದೆಯ ಮೇಲೆ ಉಳಿದ ಸಾಲುಗಳ ಜೊತೆ ಓಡಿಹೋಗಿತ್ತು.

ಬಿಟ್ಟುಹೋದ ಎರಡರಲ್ಲಿ ಒಂದು, ಹೆಣ್ಣು ಒಪ್ಪಿಸುವ ಹಾಡು. ನನ್ನ ನಾದಿನಿಯನ್ನು ಕಳಿಸಿಕೊಡುವಾಗ ಅತ್ತೆ ಹಾಡಿ, ನಡುವೆ ದನಿ ಕಟ್ಟಿ ನಿಲ್ಲಿಸಿದ್ದರಂತೆ. ಟೇಪಿನಲ್ಲೂ ಅದೇ ಜಾಗದಲ್ಲಿ ಒಂದು ಗಳಿಗೆ ನಿಂತು, ಆಮೇಲೆ ಮುಂದುವರಿಸಿದ್ದಾರೆ. ಆ ಮೌನವೂ ನಮ್ಮ ಮನೆಗೆ ಸೇರಿದ ಆಸ್ತಿಯೇ.

ಹೆಸರು ಮೊಟಕು ಮಾಡಿ, ಉಳಿದ ವಿವರವನ್ನು ಬೇರೊಂದು ಪಟ್ಟಿಯಲ್ಲಿ ಬರೆದಿಟ್ಟು, ಎರಡನ್ನೂ ಸಾಗಿಸಿದೆವು. 43 ಆದ ಮೇಲೆ ಒಂದೊಂದನ್ನೂ ಹಾಡಿಸಿ ಕೇಳಿದೆ. ಆಮೇಲೆ ಫಾರ್ಮ್ಯಾಟಿನ ಆದೇಶವನ್ನು ನಾನೇ ಟೈಪ್ ಮಾಡಿದೆ. ಅದಕ್ಕೂ ಮೊದಲು ಡಿಸ್ಕುಗಳ ಪಟ್ಟಿ ತರಿಸಿ ನೋಡಬೇಕು. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಖಾಯಂ ಅಲ್ಲ. ಯಂತ್ರ ಮತ್ತೆ ಶುರುವಾದಾಗ ಅದಲು ಬದಲಾಗಬಹುದು. 931 ಯಾವುದು, 465 ಯಾವುದು ಎಂದು ಗಾತ್ರ ನೋಡಿ ಗುರುತಿಸಬೇಕು. ಒಂದು ಅಕ್ಷರ ತಪ್ಪಿದರೆ ಹಾಡಿರುವ ಡಿಸ್ಕೇ ಬರಿದು.

ಬರಿದೆಂದೆ, ಪೂರ್ತಿ ನಿಜವಲ್ಲ. ಹಳೆಯ ಬಗೆಯ ಡಿಸ್ಕಿನಲ್ಲಿ ಬೇಗ ಮುಗಿಯುವ ಫಾರ್ಮ್ಯಾಟ್ ಎಂದರೆ ಹಾಜರಿ ಪುಸ್ತಕ ಹರಿದು ಹೊಸದು ಇಟ್ಟಂತೆ. ಮಕ್ಕಳು ಕ್ಲಾಸಿನಲ್ಲೇ ಕೂತಿರುತ್ತಾರೆ, ಹೆಸರು ಕೂಗುವವರಿಲ್ಲ ಅಷ್ಟೇ. ಹೊಸ ಮಕ್ಕಳು ಆ ಜಾಗದಲ್ಲಿ ಬಂದು ಕೂತ ಮೇಲೆ ಮಾತ್ರ ಹಳಬರು ನಿಜವಾಗಿ ಹೋದಂತೆ. ಹಳೆಯ ಡಿಸ್ಕನ್ನು ಗುಜರಿಗೆ ಕೊಡುವವರು ಇದನ್ನು ನೆನಪಿಡಬೇಕು. ಎಸ್‌ಎಸ್‌ಡಿ ಎಂಬ ಹೊಸ ಬಗೆಯದರಲ್ಲಾದರೆ ಫಾರ್ಮ್ಯಾಟ್ ಮಾಡುವಾಗಲೇ ಮಕ್ಕಳನ್ನೂ ಆಚೆ ಕಳಿಸಿಬಿಡುವುದುಂಟು. ಮತ್ತೆ ಹುಡುಕಿದರೆ ಸಿಕ್ಕೀತೆಂಬ ಭರವಸೆ ಅಲ್ಲಿಲ್ಲ.

ಈಗ ಹಾಡುಗಳು ಎರಡು ಡಿಸ್ಕಿನಲ್ಲಿವೆ. ಕಳ್ಳತನಕ್ಕೂ ಬೆಂಕಿಗೂ ಎರಡೂ ಒಟ್ಟಿಗೆ ಸಿಕ್ಕಬಾರದೆಂದು ಮೂರನೆಯ ಪ್ರತಿಯನ್ನು ಶಿವಮೊಗ್ಗದ ನಾದಿನಿಯ ಬೀರುವಿನಲ್ಲಿ, ಸೀರೆಗಳ ನಡುವೆ ಇಟ್ಟಿದ್ದೇವೆ. ವರ್ಷಕ್ಕೊಮ್ಮೆ, ಅತ್ತೆಯ ತಿಥಿಯ ಹಿಂದಿನ ದಿನ, ಮೂರೂ ಕಡೆ ತೆರೆದು ಎಣಿಸುವುದೆಂದು ಗೊತ್ತು ಮಾಡಿಕೊಂಡಿದ್ದೇವೆ. ನಿಮ್ಮ ಮನೆಯಲ್ಲೂ ಯಾವುದೋ ಡ್ರಾಯರಿನಲ್ಲಿ ಮದುವೆಯದೋ ನಾಮಕರಣದ್ದೋ ಒಂದು ಡಿಸ್ಕು ಇದ್ದೀತು. "ಕಾಪಿ ಆಗಿದೆ" ಎಂದು ಮಕ್ಕಳು ಹೇಳಿಯೂ ಇದ್ದಾರು. ಈ ಭಾನುವಾರ ಅಡುಗೆ ಬೇಗ ಮುಗಿಸಿ, ಒಮ್ಮೆ ತೆರೆದು ಎಣಿಸಿಬಿಡಿ.