ಸೆನ್ಸರ್ ಬದಲಿಸುವ ಮುನ್ನ ಅದರ ವೈರು ನೋಡಿ

ನಮ್ಮ ಊರುಗಳಲ್ಲಿ ಈಗ ಸೆಕೆಂಡ್ ಹ್ಯಾಂಡ್ ಕಾರು ಇರುವ ಮನೆಗಳು ಕಡಿಮೆಯೇನಿಲ್ಲ. ಮದುವೆ, ಹೆರಿಗೆ, ಆಸ್ಪತ್ರೆ ಎಲ್ಲಕ್ಕೂ ಅದೇ ಕಾರು. ರಾತ್ರಿ ಹೊತ್ತು ಬೀದಿಯವರಿಗೆಲ್ಲ ಅದೇ ಆಂಬುಲೆನ್ಸು. ಅಂಥ ಕಾರು ಕೈಕೊಟ್ಟಾಗ ರಿಪೇರಿ ಹೆಸರಲ್ಲಿ ಏನೇನಾಗುತ್ತೆ ಅನ್ನೋದನ್ನ ಈ ಬೇಸಿಗೆಯಲ್ಲಿ ನಾವು ಹತ್ತಿರದಿಂದ ನೋಡಿದೆವು. ತಿಳಿದುಕೊಂಡದ್ದನ್ನು ನಿಮಗೂ ಹೇಳೋಣ ಅಂತ ಬರೀತಿದ್ದೇವೆ.

ಕಾರು ನಮ್ಮ ಗುಂಪಿನ ಒಬ್ಬರ ದೊಡ್ಡಪ್ಪನದು. ಹನ್ನೆರಡು ವರ್ಷ ಹಳೆಯ ಪೆಟ್ರೋಲ್ ಗಾಡಿ. ದೊಡ್ಡಪ್ಪನಿಗೆ ಕಿಡ್ನಿ ತೊಂದರೆ. ವಾರಕ್ಕೆ ಎರಡು ಸಲ 38 ಕಿಲೋಮೀಟರ್ ದೂರದ ಚಳ್ಳಕೆರೆಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಬೆಳಗ್ಗೆ ತಂಪು ಹೊತ್ತಲ್ಲಿ ಕಾರು ಚೆನ್ನಾಗೇ ಓಡುತ್ತಿತ್ತು. ಮಧ್ಯಾಹ್ನ ವಾಪಸ್ ಬರುವಾಗ ಗಕ್ಕನೆ ನಿಲ್ಲುತ್ತಿತ್ತು. ಏಪ್ರಿಲ್ ಬಿಸಿಲು, ನೆರಳಿಲ್ಲದ ರಸ್ತೆ, ಡಯಾಲಿಸಿಸ್ ಮುಗಿಸಿ ಸುಸ್ತಾದ ಮನುಷ್ಯ. ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತೆ, ಸ್ಟಾರ್ಟ್ ಆಗಲ್ಲ. ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದರೆ ಏನೂ ಆಗದವರಂತೆ ಸ್ಟಾರ್ಟ್! ಹೀಗೆ ಮೂರು ಸಲ ಆಯಿತು.

"ನನ್ನ ರೋಗ ಡಾಕ್ಟ್ರು ಕಂಡುಹಿಡಿದ್ರು. ಈ ಕಾರಿನ ರೋಗ ನೀವು ಕಂಡುಹಿಡೀರಪ್ಪ" ಅಂದರು ದೊಡ್ಡಪ್ಪ.

ಮೊದಲು ಹೋದ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು. ಪಿ0335 ಅಂತ ಕೋಡ್ ಬಂತು. "ಕ್ರ್ಯಾಂಕ್ ಸೆನ್ಸರ್ ಹೋಗಿದೆ" ಅಂದರು. ಹೊಸದು ಹಾಕಿ ಕೂಲಿ ಸೇರಿ 2,400 ರೂಪಾಯಿ ತೆಗೆದುಕೊಂಡರು. ಐದನೇ ದಿನ ಕಾರು ಮತ್ತೆ ನಿಂತಿತು. ಮತ್ತೆ ಹೋದಾಗ ಬಂದ ಉತ್ತರ: "ಸೆನ್ಸರ್ ಹೊಸದು. ಹಾಗಾದ್ರೆ ಇಸಿಎಂ ಹೋಗಿರಬೇಕು. ಹಳೇದು ಹುಡುಕಿ ಹಾಕಿದ್ರೂ 18,000 ಆಗುತ್ತೆ." ಇಸಿಎಂ ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್. ದೊಡ್ಡಮ್ಮ ಶೇಂಗಾ ಬೀಜಕ್ಕೆ ಎತ್ತಿಟ್ಟಿದ್ದ ದುಡ್ಡು ಎಣಿಸೋಕೆ ಕೂತರು. ಒಂದು ದಿನ ತಡೀರಿ ಅಂತ ನಾವೇ ಹೇಳಿದೆವು.

ಈ ಸೆನ್ಸರ್ ಕೆಲಸ ಏನು ಅಂತ ಮೊದಲು ತಿಳಿಯೋಣ. ಪಿಸ್ಟನ್‌ಗಳು ಮೇಲೆ ಕೆಳಗೆ ಆಡುವುದನ್ನು ಸುತ್ತುವ ಚಲನೆಯಾಗಿ ಮಾಡುವುದು ಕ್ರ್ಯಾಂಕ್‌ಶಾಫ್ಟ್. ಅದರ ಜೊತೆ ಒಂದು ಹಲ್ಲಿನ ಚಕ್ರ ತಿರುಗುತ್ತೆ. ಬಹಳ ಕಾರುಗಳಲ್ಲಿ ಈ ಚಕ್ರದಲ್ಲಿ 60 ಹಲ್ಲಿಗೆ ಜಾಗ ಇರುತ್ತೆ, ಹಲ್ಲು ಇರೋದು 58. ಎರಡರ ಜಾಗ ಬೇಕಂತಲೇ ಖಾಲಿ ಬಿಟ್ಟಿರುತ್ತಾರೆ. ಜಪಮಾಲೆಯಲ್ಲಿ ಮೇರುಮಣಿ ಕೈಗೆ ಸಿಕ್ಕಾಗ ಒಂದು ಸುತ್ತು ಮುಗಿಯಿತು ಅಂತ ತಿಳಿಯುವ ಹಾಗೆ, ಈ ಖಾಲಿ ಜಾಗ ಬಂದಾಗ ಇಸಿಎಂಗೆ ಲೆಕ್ಕ ಸಿಗುತ್ತೆ. ಸೆನ್ಸರ್ ಆ ಚಕ್ರಕ್ಕೆ ತಾಗಿಯೂ ತಾಗದಂತೆ ಕೂತು ಒಂದೊಂದು ಹಲ್ಲು ದಾಟಿದಾಗಲೂ ಒಂದು ಸಿಗ್ನಲ್ ಕಳಿಸುತ್ತೆ. ಗಾಡಿ ನಿಂತಲ್ಲೇ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೂ ಸೆಕೆಂಡಿಗೆ 770ಕ್ಕೂ ಹೆಚ್ಚು ಸಿಗ್ನಲ್.

ಯಾವ ಕ್ಷಣಕ್ಕೆ ಪೆಟ್ರೋಲ್ ಬಿಡಬೇಕು, ಯಾವ ಕ್ಷಣಕ್ಕೆ ಕಿಡಿ ಕೊಡಬೇಕು ಅನ್ನೋದು ಈ ಲೆಕ್ಕದ ಮೇಲೆ ನಿಂತಿದೆ. ಸಿಗ್ನಲ್ ನಿಂತರೆ ಇಂಜಿನ್ನೇ ನಿಂತಿದೆ ಅಂದುಕೊಂಡು ಇಸಿಎಂ ಕಿಡಿ ನಿಲ್ಲಿಸುತ್ತೆ, ಪೆಟ್ರೋಲ್ ಪಂಪನ್ನೂ ಬಂದ್ ಮಾಡುತ್ತೆ. ಅದಕ್ಕೇ "ಪಂಪ್ ಹೋಗಿದೆ" ಅನ್ನುವವರೂ ಸಿಗ್ತಾರೆ. ಪಂಪ್ ನಿಂತಿರೋದು ನಿಜ, ಆದರೆ ಅದನ್ನು ನಿಲ್ಲಿಸಿದ್ದು ಇಸಿಎಂ.

ಮಾರನೇ ದಿನ ಬಸ್ ಸ್ಟ್ಯಾಂಡ್ ಹಿಂದಿನ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆವು. ಶೀಟು ಹೊದಿಸಿದ ಚಿಕ್ಕ ಅಂಗಡಿ. ಆ ಅಣ್ಣ ನಮ್ಮ ಕಥೆಯೆಲ್ಲ ಕೇಳಿ ನಕ್ಕರು.

"ನೀವು ಪತ್ರಿಕೆಯೋರಲ್ವೇನ್ರಪ್ಪಾ? ಒಬ್ಬ ಬಂದು ದೂರು ಕೊಟ್ಟ ತಕ್ಷಣ ಬರೆದುಬಿಡ್ತೀರಾ? ನಾಕು ಜನನ್ನ ಕೇಳಲ್ವಾ? ಕೋಡ್ ಅಂದ್ರೂ ದೂರೇ. ಅದರ ಪೂರ್ತಿ ಹೆಸರು ಓದಿ. ಕ್ರ್ಯಾಂಕ್ ಸೆನ್ಸರ್ 'ಸರ್ಕ್ಯೂಟ್' ಅಂತೈತೆ. ಸರ್ಕ್ಯೂಟ್ ಅಂದ್ರೆ ಸೆನ್ಸರ್ರು, ಕಪ್ಲರ್ರು, ವೈರು, ಇಸಿಎಂ ಪಿನ್ನು, ಎಲ್ಲಾ ಸೇರಿ."

ಅವರು ಮೊದಲು ನೋಡಿದ್ದು ಬ್ಯಾಟರಿ. ಬ್ಯಾಟರಿ ಸೋತರೂ ಸಿಗ್ನಲ್ ಹದಗೆಡಬಹುದಂತೆ. ಅದು ಸರಿ ಇತ್ತು. ಆಮೇಲೆ ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್‌ಗೆ ಚಿಕ್ಕದೊಂದು ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ, ಮೊಬೈಲಿನಲ್ಲಿ ಆರ್‌ಪಿಎಂ ತೆರೆದರು. ತಣ್ಣಗಿದ್ದಾಗ ಸೆಲ್ಫ್ ಹೊಡೆದರೆ 220ರ ಆಸುಪಾಸು ತೋರಿಸಿತು. "ಈಗ ಸರಿ ಐತೆ. ಈಗ ನೋಡಿ ಏನೂ ಪ್ರಯೋಜನ ಇಲ್ಲ. ಕೆಟ್ಟಾಗ ನೋಡ್ಬೇಕು" ಅಂತ ಇಂಜಿನ್ ಓಡಲು ಬಿಟ್ಟು ಟೀ ತರಿಸಿದರು.

ಮುಕ್ಕಾಲು ಗಂಟೆಗೆ ಇಂಜಿನ್ ಆಫ್ ಆಯಿತು. ಸೆಲ್ಫ್ ಹೊಡೆದರು. ಇಂಜಿನ್ ತಿರುಗುತ್ತಿದೆ, ಮೊಬೈಲಿನಲ್ಲಿ ಆರ್‌ಪಿಎಂ ಮಾತ್ರ ಸೊನ್ನೆ. ಅಂದರೆ ಸಿಗ್ನಲ್ ಇಸಿಎಂಗೆ ಮುಟ್ಟುತ್ತಿಲ್ಲ.

ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಮೀಟರ್ ಹಿಡಿದರು. ನಮ್ಮ ಕಾರಿನದು ಎರಡು ವೈರಿನ ಸೆನ್ಸರ್. ಸೆನ್ಸರಿನ ಎರಡು ಪಿನ್ ನಡುವೆ ಅಳೆದಾಗ 870 ಓಮ್ಸ್ ಬಂತು. ಆ ಕಾರಿಗೆ ಅದು ಸರಿಯಾದ ಅಳತೆ. ಕಪ್ಲರ್ ಮತ್ತೆ ಸಿಕ್ಕಿಸಿ, ಅದೇ ಎರಡು ವೈರುಗಳನ್ನು ಇಸಿಎಂ ಕಡೆಯ ತುದಿಯಲ್ಲಿ ಅಳೆದರೆ ಮೀಟರಿನಲ್ಲಿ ಏನೂ ಇಲ್ಲ. ವೈರಿಂಗ್ ಕಟ್ಟನ್ನು ಸ್ವಲ್ಪ ಎಳೆದರೆ 870, ಬಿಟ್ಟರೆ ಮತ್ತೆ ಏನೂ ಇಲ್ಲ. ಸೆನ್ಸರೂ ಸರಿ. ತೊಂದರೆ ನಡುವಿನ ದಾರಿಯಲ್ಲಿ.

ಟೇಪ್ ಬಿಚ್ಚಿ ನೋಡಿದರೆ ಕಾರಣ ಕಣ್ಣಿಗೇ ಕಂಡಿತು. ವೈರು ಹಿಡಿದಿಡುವ ಕ್ಲಿಪ್ ಮುರಿದು, ವೈರು ಸೈಲೆನ್ಸರ್ ಪೈಪಿನ ಹತ್ತಿರದ ಕಬ್ಬಿಣಕ್ಕೆ ಒರಗಿತ್ತು. ಮೇಲಿನ ಪ್ಲಾಸ್ಟಿಕ್ ಸುಟ್ಟು ಗಡುಸಾಗಿ, ಒಳಗಿನ ತಾಮ್ರದ ಎಳೆಗಳು ತುಂಡಾಗಿದ್ದವು. ತಣ್ಣಗಿದ್ದಾಗ ತುದಿಗಳು ಒಂದಕ್ಕೊಂದು ತಾಗುತ್ತವೆ, ಕಾದಾಗ ಬಿಟ್ಟುಕೊಳ್ಳುತ್ತವೆ. ಬೆಳಗ್ಗೆ ಓಡಿ ಮಧ್ಯಾಹ್ನ ನಿಲ್ಲುತ್ತಿದ್ದ ಗುಟ್ಟು ಇದೇ. ಹೊಸ ತುಂಡು ಸೇರಿಸಿ, ಸೋಲ್ಡರ್ ಮಾಡಿ, ಸ್ಲೀವ್ ಹಾಕಿ, ವೈರನ್ನು ಪೈಪಿನಿಂದ ದೂರ ಕಟ್ಟಿದರು. ಕೂಲಿ 400 ರೂಪಾಯಿ. ಆಮೇಲೆ ಡಯಾಲಿಸಿಸ್‌ಗೆ ಎಂಟು ಸಲ ಹೋಗಿ ಬಂದಾಯಿತು, ಕಾರು ನಿಂತಿಲ್ಲ. ಮೊದಲು ಕೊಟ್ಟ 2,400 ವಾಪಸ್ ಬರಲಿಲ್ಲ. ಬೀಜದ ದುಡ್ಡು ಉಳಿಯಿತು.

ಎಲ್ಲ ಕಾರಿಗೂ ವೈರೇ ಕಾರಣ ಅಂತ ನಾವು ಹೇಳ್ತಿಲ್ಲ. ಸೆನ್ಸರೇ ಕೆಟ್ಟಿರಬಹುದು. ಅದರ ಮೂತಿಗೆ ಕಬ್ಬಿಣದ ಪುಡಿ ಅಂಟಿರಬಹುದು, ಕಪ್ಲರಿಗೆ ಆಯಿಲ್ ಇಳಿದಿರಬಹುದು, ಚಕ್ರದ ಹಲ್ಲು ಮುರಿದಿರಬಹುದು. ಹುಲ್ಲಿನ ಬಣವೆ ಪಕ್ಕ ಗಾಡಿ ನಿಲ್ಲಿಸುವ ನಮ್ಮಂಥವರ ವೈರನ್ನು ಇಲಿ ಕಡಿದಿರಲೂಬಹುದು. ಮೂರು ವೈರಿನ ಸೆನ್ಸರ್ ಆದರೆ ಪರೀಕ್ಷೆಯ ರೀತಿಯೇ ಬೇರೆ. ಅದಕ್ಕೆ ಓಮ್ಸ್ ಅಳೆಯಬಾರದು. ಕರೆಂಟ್ ಬರ್ತಿದೆಯಾ, ಅರ್ತ್ ಸರಿ ಇದೆಯಾ, ಇಂಜಿನ್ ತಿರುಗುವಾಗ ಸಿಗ್ನಲ್ ಏರಿಳಿಯುತ್ತಾ ಅಂತ ನೋಡಬೇಕು. ಅದನ್ನು ತಿಳಿದವರ ಕೈಯಲ್ಲೇ ಮಾಡಿಸಿ.

ಓಡುತ್ತಿರುವಾಗ ಇಂಜಿನ್ ಆಫ್ ಆದರೆ ಗಾಬರಿ ಬೇಡ. ಸ್ಟೀರಿಂಗ್ ಭಾರ ಆಗಬಹುದು. ಬ್ರೇಕ್ ಒಂದೆರಡು ಸಲ ಒತ್ತಿದ ಮೇಲೆ ಗಟ್ಟಿಯಾಗುತ್ತೆ, ಜೋರಾಗಿ ತುಳಿಯಬೇಕು. ನಾಲ್ಕೂ ಇಂಡಿಕೇಟರ್ ಹಾಕಿ ನಿಧಾನಕ್ಕೆ ಎಡಕ್ಕೆ ತನ್ನಿ. ನಿಂತಾಗ ಗಾಡಿ ಬಿಸಿಯಾಗಿತ್ತಾ, ಆರ್‌ಪಿಎಂ ಮುಳ್ಳು ಒಮ್ಮೆಗೇ ಬಿತ್ತಾ, ಎಷ್ಟು ಹೊತ್ತಿನ ಮೇಲೆ ಸ್ಟಾರ್ಟ್ ಆಯಿತು ಅನ್ನೋದನ್ನ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಒಳ್ಳೆಯ ಮೆಕ್ಯಾನಿಕ್‌ಗೆ ಅದರಿಂದ ಅರ್ಧ ಕೆಲಸ ಹಗುರ.

ಗ್ಯಾರೇಜಿನವರು ಕೋಡ್ ತೋರಿಸಿ "ಇದು ಬದಲಾಯಿಸಬೇಕು" ಅಂದರೆ, "ಅಣ್ಣ, ವೈರು ಅಳೆದು ನೋಡಿದ್ರಾ?" ಅಂತ ಮರ್ಯಾದೆಯಿಂದಲೇ ಕೇಳಿ. ಕೇಳೋಕೆ ದುಡ್ಡು ಕೊಡಬೇಕಿಲ್ಲ.